ಆಂಡ್ರೊಮಿಡಾ ಡಿಕ್ಕಿ ಖಚಿತವಲ್ಲ: ಸ್ಪಷ್ಟನೆ

‘450 ಕೋಟಿ ವರ್ಷಗಳಲ್ಲಿ ಆಂಡ್ರೊಮಿಡಾ ಗೆಲಾಕ್ಸಿ (ನಕ್ಷತ್ರಗಳ ಬೃಹತ್ ಸಮೂಹ) ನಮ್ಮ ಗೆಲಾಕ್ಸಿಯಾದ ಕ್ಷೀರಪಥಕ್ಕೆ ಡಿಕ್ಕಿ ಹೊಡೆಯುವುದು ಖಚಿತ, ಕಂಪ್ಯೂಟರ್ ಸಿಮ್ಯುಲೇಷನ್ (ಲೆಕ್ಕಾಚಾರದ ಅನುಕರಣೆ) ಸಾಬೀತುಪಡಿಸಿದೆ’ ಎಂಬ ಸಂದೇಶ ಮಂಡ್ಯದ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ಆ ಗೆಲಾಕ್ಸಿ ಸೆಕೆಂಡಿಗೆ ಸುಮಾರು 110 ಕಿ.ಮೀ. ವೇಗದಲ್ಲಿ ನಮ್ಮತ್ತ ಬರುತ್ತಿರುವುದು ನಿಜ. ಆದರೆ ಅದು ಪಕ್ಕಕ್ಕೆ ಸರಿಯುವ ಅಡ್ಡಚಲನೆಯನ್ನು ಅಳೆಯುವುದು ಬಲು ಕಷ್ಟ. ಅಲ್ಲಿನ ಸಣ್ಣ ವ್ಯತ್ಯಾಸವೂ ಇಡೀ ಪಥವನ್ನೇ ಬದಲಿಸುತ್ತದೆ. ಆದ್ದರಿಂದಲೇ ವಿಜ್ಞಾನಿಗಳು ಆರಂಭದ ಅಂಕಿಗಳನ್ನು ತುಸು ತುಸು ಬದಲಿಸುತ್ತ ಸಿಮ್ಯುಲೇಷನ್ನನ್ನು ಮತ್ತೆ ಮತ್ತೆ ಓಡಿಸುತ್ತಾರೆ. ಗಯಾ, ಹಬಲ್ ಬಾಹ್ಯಾಕಾಶ ದೂರದರ್ಶಕಗಳ ದತ್ತಾಂಶ ಬಳಸಿದ 2025ರ ಅಧ್ಯಯನದ ಪ್ರಕಾರ, ಮುಂದಿನ 1000 ಕೋಟಿ ವರ್ಷಗಳಲ್ಲಿ ವಿಲೀನದ ಸಾಧ್ಯತೆ ಸುಮಾರು ಶೇ 50 ಮಾತ್ರ. ‘ದೊಡ್ಡ ಮೆಗೆಲ್ಲನ್ ಮೋಡ’ ಎಂಬ ನೆರೆಯ ಪುಟ್ಟ ಗೆಲಾಕ್ಸಿಯ ಗುರುತ್ವ ಆ ಸಾಧ್ಯತೆಯನ್ನು ತಗ್ಗಿಸುತ್ತದೆ. ಒಂದು ಪುಟ್ಟ ಗೆಲಾಕ್ಸಿಗೆ ಇಷ್ಟು ಪ್ರಭಾವವೇ ಎಂದು ನನಗೆ ಸೋಜಿಗವಾಯಿತು!

ಮಕ್ಕಳನ್ನು ಹೆದರಿಸುವ ಆ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ.