‘ಎಂಬತ್ತರ ಮೇಲೆ ಎಲ್ಲರೂ ಕೆಟ್ಟರು’ ಅನ್ನುವವರಿಗೆ

ಶನಿವಾರ ರಾತ್ರಿ ಗೆಳೆಯರೊಬ್ಬರ ಮನೆಯಲ್ಲಿ ರೆಕಾರ್ಡ್ ಕೇಳೋಕೆ ಸೇರಿದ್ದೆವು. ಕಿಂಗ್ ಕ್ರಿಮ್ಸನ್ ಬ್ಯಾಂಡಿನ 1974ರ ‘ರೆಡ್’ ಹಾಕಿದಾಗ ಎಲ್ಲರೂ ಕಣ್ಣು ಮುಚ್ಚಿ ತಲೆದೂಗಿದರು. ಅದು ಮುಗಿದ ಮೇಲೆ ಅದೇ ಬ್ಯಾಂಡಿನ 1981ರ ‘ಡಿಸಿಪ್ಲಿನ್’ ಹಾಕಿದೆ. ಮೊದಲ ಹಾಡು ಇನ್ನೂ ಮುಗಿದಿರಲಿಲ್ಲ, ಹಿಂದಿನಿಂದ ಒಬ್ಬರು ಅಂದರು: “ತೆಗೀರಿ ಮಾರಾಯ್ರೆ, ಎಂಬತ್ತರ ಮೇಲೆ ಇವರೆಲ್ಲ ಕಮರ್ಷಿಯಲ್ ಆಗ್ಬಿಟ್ರು.” ಯಾರೂ ಎದುರಾಡಲಿಲ್ಲ. ರೆಕಾರ್ಡ್ ತೆಗೆದೇಬಿಟ್ಟರು. ಆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ರಾಕ್ ಕೇಳುವ ನಮ್ಮ ತಲೆಮಾರಿನವರ ಬಾಯಲ್ಲಿ ಈ ಮಾತು ಎಷ್ಟು ಸಲೀಸಾಗಿ ಬರುತ್ತದೆ ನೋಡಿ. ಎಪ್ಪತ್ತರ ದಶಕದಲ್ಲಿ ಎಲ್ಲವೂ ಚೆನ್ನಾಗಿತ್ತಂತೆ. ಆಮೇಲೆ ನ್ಯೂ ವೇವ್ ಅನ್ನುವ ಗಿಡ್ಡ, ಚುರುಕು ಹಾಡುಗಳ ಹೊಸ ಅಲೆ ಬಂತು, ಸಿಂಥ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್) ಬಂತು, ದೊಡ್ಡದೊಡ್ಡವರೆಲ್ಲ ಹುಡುಗರನ್ನು ನೋಡಿ ಹೆದರಿ ಅವರ ಹಾಗೇ ನುಡಿಸೋಕೆ ಶುರುಮಾಡಿದರಂತೆ. ಹೆದರಿದರು ಅಂತ ಇವರಿಗೆ ಹೇಳಿದವರು ಯಾರು?

ಕಿಂಗ್ ಕ್ರಿಮ್ಸನ್ ಬ್ಯಾಂಡಿನ ಗಿಟಾರಿಗ, ನಾಯಕ ರಾಬರ್ಟ್ ಫ್ರಿಪ್ ಅವರನ್ನೇ ತೆಗೆದುಕೊಳ್ಳಿ. ‘ರೆಡ್’ ಇನ್ನೇನು ಅಂಗಡಿಗೆ ಬರಬೇಕು ಅನ್ನುವಾಗ ಬ್ಯಾಂಡನ್ನೇ ಮುಚ್ಚಿದ ಮನುಷ್ಯ. ಹೆಸರಿತ್ತು, ಕೇಳುಗರಿದ್ದರು, ಎಲ್ಲ ಬಿಟ್ಟು ನಡೆದರು. ಆಮೇಲೆ 1977ರಲ್ಲಿ ನ್ಯೂಯಾರ್ಕಿಗೆ ಹೋಗಿ ಅಲ್ಲಿನ ಹೊಸಬರ ನಡುವೆ ಇದ್ದರು. ಬ್ಲಾಂಡಿ ಬ್ಯಾಂಡಿನ ‘ಪ್ಯಾರಲಲ್ ಲೈನ್ಸ್’ನಲ್ಲಿ, ಟಾಕಿಂಗ್ ಹೆಡ್ಸ್ ಬ್ಯಾಂಡಿನ ‘ಫಿಯರ್ ಆಫ್ ಮ್ಯೂಸಿಕ್’ನಲ್ಲಿ ಗಿಟಾರ್ ನುಡಿಸಿಕೊಟ್ಟರು. ಬೇರೆಯವರ ಹಾಡಿನಲ್ಲಿ ಬದಿಗೆ ನಿಂತು ನುಡಿಸಿದರು. ಟಾಕಿಂಗ್ ಹೆಡ್ಸ್ ಜೊತೆ ನುಡಿಸಿದ್ದ ಏಡ್ರಿಯನ್ ಬಿಲ್ಯೂ ಅವರನ್ನು ಕರೆದು, ಟೋನಿ ಲೆವಿನ್, ಬಿಲ್ ಬ್ರೂಫರ್ಡ್ ಅವರನ್ನು ಕೂಡಿಸಿಕೊಂಡು 1981ರಲ್ಲಿ ಹೊಸ ಬ್ಯಾಂಡ್ ಕಟ್ಟಿದರು. ‘ಡಿಸಿಪ್ಲಿನ್’ ಮಾಡಿದ್ದು ಇದೇ ಬ್ಯಾಂಡ್. ಕಿಂಗ್ ಕ್ರಿಮ್ಸನ್ ಅನ್ನುವ ಹಳೆಯ ಹೆಸರನ್ನು ಮೊದಲಿಗೆ ಇಟ್ಟುಕೊಂಡೂ ಇರಲಿಲ್ಲ. ಹಳೆಯ ಹೆಸರಿನ ಮೇಲೆ ದುಡ್ಡು ಮಾಡಬೇಕು ಅಂತಿದ್ದವನು ಹಾಗೆ ಮಾಡುತ್ತಾನಾ?

‘ಡಿಸಿಪ್ಲಿನ್’ ಆಲ್ಬಮ್ಮಿನ ‘ಫ್ರೇಮ್ ಬೈ ಫ್ರೇಮ್’ ಹಾಡು ಕೇಳಿ. ಎರಡು ಗಿಟಾರ್ ಒಂದೇ ಸ್ವರಗುಚ್ಛ ಹಿಡಿದು ಹೊರಡುತ್ತವೆ. ನಡುವೆ ಒಂದು ಗಿಟಾರ್ ಒಂದು ಸ್ವರ ಬಿಡುತ್ತದೆ, ಅಷ್ಟೇ. ಅಲ್ಲಿಂದ ಎರಡೂ ಸ್ವಲ್ಪ ಸ್ವಲ್ಪವೇ ದೂರವಾಗುತ್ತ ಹೋಗಿ, ಸುತ್ತು ಹಾಕಿ, ಮತ್ತೆ ಕೂಡುತ್ತವೆ. ತನಿ ಆವರ್ತನದಲ್ಲಿ ಮೃದಂಗ, ಘಟ ತಮ್ಮ ತಮ್ಮ ಲೆಕ್ಕದಲ್ಲಿ ಹೋಗಿ ಸಮಕ್ಕೆ ಬಂದು ಸೇರುವಾಗ ಮೈ ಜುಮ್ಮೆನ್ನುತ್ತದಲ್ಲ, ಹಾಗೆ. ನ್ಯೂ ವೇವ್‌ನ ಚುರುಕು, ಸ್ವಚ್ಛ ಗಿಟಾರಿನ ಸದ್ದು, ಉದ್ದುದ್ದ ಸೋಲೋ ಬೇಡ ಅನ್ನುವ ಶಿಸ್ತು, ಇವನ್ನೆಲ್ಲ ಹುಡುಗರಿಂದ ಕಲಿತು ಇಂಥದ್ದನ್ನು ಮಾಡಿದರು. ಇದನ್ನು ಕಮರ್ಷಿಯಲ್ ಅಂದವರು ಕೂತು ತಾಳ ಹಾಕಿ ತೋರಿಸಲಿ.

ಇನ್ನು ರಷ್ ಬ್ಯಾಂಡ್. ಇವರ ವಿಷಯ ಬಂದರೆ ನನಗೆ ಮಾತು ನಿಲ್ಲುವುದಿಲ್ಲ, ನಿಮಗೆ ಗೊತ್ತು. 1976ರಲ್ಲಿ ರೆಕಾರ್ಡಿನ ಒಂದಿಡೀ ಮಗ್ಗುಲು ತುಂಬುವ ‘2112’ ಮಾಡಿದ ಕೆನಡಾದ ಮೂವರು, 1982ರ ‘ಸಿಗ್ನಲ್ಸ್’ಗೆ ಬರುವ ಹೊತ್ತಿಗೆ ಹಾಡನ್ನು ಗಿಡ್ಡ ಮಾಡಿದ್ದರು, ಸಿಂಥನ್ನು ಮುಂದೆ ತಂದಿದ್ದರು, ಜಮೈಕಾದ ರೆಗ್ಗೇ ಲಯ ಹಿಡಿದಿದ್ದರು. ನ್ಯೂ ವೇವ್ ಕಾಲದ ದಿ ಪೊಲೀಸ್ ಬ್ಯಾಂಡನ್ನು ಪ್ರೀತಿಯಿಂದ ಕೇಳಿದವರ ಕೈ ಅದು, ಮುಚ್ಚುಮರೆ ಇಲ್ಲ. ಆದರೆ ‘ಸಬ್‌ಡಿವಿಷನ್ಸ್’ ಶುರುವಾಗುವಾಗ ಆ ಕೀಬೋರ್ಡಿನ ಕೆಳಗೆ ಏಳರ ತಾಳದ ಲೆಕ್ಕ ಓಡುತ್ತಿರುತ್ತದೆ. ಬ್ಯಾಂಡಿನ ಗಾಯಕ ಗೆಡ್ಡಿ ಲೀ ವೇದಿಕೆಯ ಮೇಲೆ ಕೈಯಲ್ಲಿ ಬೇಸ್, ಕೀಬೋರ್ಡ್, ಕಾಲಲ್ಲಿ ಪೆಡಲ್, ಅದರ ಮೇಲೆ ಹಾಡುವುದು ಬೇರೆ. ಸುಲಭದ ದಾರಿ ಹಿಡಿದವರ ಕೆಲಸವಾ ಇದು? ಬದಲಾವಣೆಗೆ ಬೆಲೆಯನ್ನೂ ತೆತ್ತರು. ಎಪ್ಪತ್ತರ ದಶಕದಿಂದ ಜೊತೆಗಿದ್ದ ನಿರ್ಮಾಪಕ ಟೆರಿ ಬ್ರೌನ್ ಈ ಆಲ್ಬಮ್ಮಿನ ನಂತರ ದೂರವಾದರು. ಗಿಟಾರಿನ ಸದ್ದು ಹಿಂದೆ ಸರಿದದ್ದಕ್ಕೆ ಗಿಟಾರಿಗ ಅಲೆಕ್ಸ್ ಲೈಫ್‌ಸನ್ ಒಳಗೊಳಗೇ ನೊಂದಿದ್ದರು. ಅದು ಕೂಡ ನನಗೆ ಇಷ್ಟವೇ. ಒಳಗೆ ಜಗ್ಗಾಟ ಇದ್ದಲ್ಲೇ ಜೀವ ಇರುವುದು.

ಅಲ್ಲ, ಈ ‘ಹುಡುಗರು’ ಅನ್ನುವುದಾದರೂ ಯಾರನ್ನು? ಪೊಲೀಸ್ ಬ್ಯಾಂಡಿನ ಗಿಟಾರಿಗ ಆ್ಯಂಡಿ ಸಮ್ಮರ್ಸ್ ಹುಟ್ಟಿದ್ದು 1942ರಲ್ಲಿ. ಫ್ರಿಪ್‌ಗಿಂತ ಹಿರಿಯರು. ಪೊಲೀಸ್ ಬ್ಯಾಂಡಿಗೂ ಮುಂಚೆ ಹಳೆಯ ಬ್ಯಾಂಡುಗಳಾದ ಸಾಫ್ಟ್ ಮಷೀನ್‌ನಲ್ಲಿ, ಎರಿಕ್ ಬರ್ಡನ್ ಅವರ ದಿ ಆ್ಯನಿಮಲ್ಸ್‌ನಲ್ಲಿ ನುಡಿಸಿ ಬಂದವರು. ಡ್ರಮ್ಸ್ ನುಡಿಸಿದ ಸ್ಟೂವರ್ಟ್ ಕೋಪ್‌ಲ್ಯಾಂಡ್ ಕರ್ವ್ಡ್ ಏರ್ ಎಂಬ ಪ್ರೋಗ್ರೆಸಿವ್ (ಉದ್ದುದ್ದ, ಸಂಕೀರ್ಣ ರಾಕ್ ನುಡಿಸುವ) ಬ್ಯಾಂಡಿನಿಂದ ಬಂದವರು. ಹಳಬರು, ಹೊಸಬರು ಅಂತ ನಾವು ಎಳೆದ ಗೆರೆ ಅವರ ನಡುವೆ ಇರಲೇ ಇಲ್ಲ.

ಈಗ ಗಾಯಕ ನೀಲ್ ಯಂಗ್. ಇದನ್ನು ಬರೆಯುವಾಗ ನನಗೆ ಗಂಟಲು ಕಟ್ಟುತ್ತದೆ. 1982ರ ಕೊನೆಗೆ ಬಂದ ‘ಟ್ರಾನ್ಸ್’ ಆಲ್ಬಮ್ಮಿನಲ್ಲಿ ಅವರು ತಮ್ಮ ದನಿಯನ್ನೇ ವೋಕೋಡರ್ ಎಂಬ, ಮನುಷ್ಯರ ದನಿಯನ್ನು ರೋಬಾಟ್ ದನಿಯ ಹಾಗೆ ಮಾಡುವ ಯಂತ್ರದೊಳಗೆ ಹಾಕಿಬಿಟ್ಟರು. ಅಕೌಸ್ಟಿಕ್ ಗಿಟಾರು, ಮೌತ್ ಆರ್ಗನ್ನು ಬೇಕು ಅಂದವರಿಗೆ ಅದು ದ್ರೋಹದ ಹಾಗೆ ಕಂಡಿತು. ಅವರ ಮಗನಿಗೆ ಸೆರೆಬ್ರಲ್ ಪಾಲ್ಸಿ, ಮಾತು ಬರುತ್ತಿರಲಿಲ್ಲ. ಮಾತಾಡಲು ಹೆಣಗುವುದು, ಹೇಳಿದ್ದು ಅರ್ಥವಾಗದೆ ಹೋಗುವುದು, ಆ ಹಾಡುಗಳು ಹುಟ್ಟಿದ್ದು ಅಲ್ಲಿಂದ ಎಂದು ಅವರು ಆಮೇಲೆ ಹೇಳಿದರು.

ನಮ್ಮ ಮನೆಯಲ್ಲೂ ಮಾತು ಬಾರದ ಮಗುವಿದೆ, ಹತ್ತಿರದವರಿಗೆ ಗೊತ್ತು. ಟ್ಯಾಬ್ಲೆಟ್ಟಿನಲ್ಲಿ ಅವನು ಚಿತ್ರ ಒತ್ತಿದರೆ ಯಂತ್ರದ ದನಿ ‘ನೀರು’ ಅನ್ನುತ್ತದೆ. ಆ ದನಿ ನನಗೆ ಯಾವ ದೊಡ್ಡ ಗಾಯಕರ ದನಿಗೂ ಕಡಿಮೆಯಲ್ಲ. ‘ಟ್ರಾನ್ಸ್‌ಫಾರ್ಮರ್ ಮ್ಯಾನ್’ ಎಂಬ ಆ ಆಲ್ಬಮ್ಮಿನ ಹಾಡನ್ನು ಯಾರಾದರೂ ನನ್ನೆದುರು ‘ಗಿಮಿಕ್’ ಅಂದರೆ ನಾನು ಎದ್ದು ಹೋಗುತ್ತೇನೆ. ಹೋಗಿದ್ದೇನೆ ಕೂಡ.

ಇನ್ನೊಂದು ವಿಷಯ. 1983ರಲ್ಲಿ ಗೆಫೆನ್ ಎಂಬ ರೆಕಾರ್ಡ್ ಕಂಪನಿ ತನ್ನದೇ ಕಲಾವಿದ ನೀಲ್ ಯಂಗ್ ಮೇಲೆ ಕೋರ್ಟಿಗೆ ಹೋಯಿತು. 33 ಲಕ್ಷ ಡಾಲರಿನ ದಾವೆ. ಕಾರಣ ಏನು ಅಂದುಕೊಂಡಿರಿ? ಅವರು ಕೊಟ್ಟ ಸಂಗೀತ ಕಮರ್ಷಿಯಲ್ ಆಗಿಲ್ಲ, ಅವರದೇ ಹಳೆಯ ಹಾಡುಗಳ ಹಾಗಿಲ್ಲ ಅಂತ! ಶನಿವಾರ ನಮ್ಮ ಗೆಳೆಯರು ಯಾವುದನ್ನು ದುಡ್ಡಿನ ಆಸೆ ಅಂದರೋ, ಅದೇ ದುಡ್ಡು ತರುತ್ತಿಲ್ಲ ಎಂದು ಕಂಪನಿಯವರೇ ದಾವೆ ಹಾಕಿದ್ದರು.

ದುಡ್ಡು ಬಂದ ಕಡೆಯೂ ಇದೆ, ಒಪ್ಪುತ್ತೇನೆ. ಎಪ್ಪತ್ತರ ಇನ್ನೊಂದು ದೊಡ್ಡ ಬ್ಯಾಂಡ್ ಯೆಸ್‌ಗೆ ಅಮೆರಿಕದ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಕ್ಕಿದ್ದು 1984ರ ಜನವರಿಯಲ್ಲಿ, ಟ್ರೆವರ್ ಹಾರ್ನ್ ನಿರ್ಮಾಣದ ‘ಓನರ್ ಆಫ್ ಎ ಲೋನ್ಲಿ ಹಾರ್ಟ್’ನಿಂದ. ಹಳೆಯ ಹಾಡಿಗೇ ಮೇಲೊಂದು ಸಿಂಥ್ ಬಳಿದು ಮಾರಿದವರೂ ಇದ್ದರು. ಅಂಥವರು ಎಪ್ಪತ್ತರಲ್ಲೂ ಇದ್ದರು, ಆಗ ಬಳಿಯುತ್ತಿದ್ದದ್ದು ಆರ್ಕೆಸ್ಟ್ರಾ. ಅವರನ್ನು ತೋರಿಸಿ ಫ್ರಿಪ್‌ಗೆ, ಯಂಗ್‌ಗೆ ಅದೇ ಹಣೆಪಟ್ಟಿ ಹಚ್ಚುವುದು ಅನ್ಯಾಯ.

ಗಾಯಕಿ ಲಿಂಡಾ ರಾನ್‌ಸ್ಟಾಟ್ ಹೆಸರು ಯಾರೂ ಎತ್ತುವುದಿಲ್ಲ, ಅದೂ ನನಗೆ ಬೇಸರವೇ. 1980ರ ‘ಮ್ಯಾಡ್ ಲವ್’ನಲ್ಲಿ ನ್ಯೂ ವೇವ್‌ನ ಎಲ್ವಿಸ್ ಕಾಸ್ಟೆಲೊ ಬರೆದ ಮೂರು ಹಾಡು ಹಾಡಿದರು. ಫ್ಯಾಷನ್ ಹಿಂದೆ ಹೋದರು ಅಂದರು ಜನ. ಅದೇ ಹೆಂಗಸು 1983ರಲ್ಲಿ ನೆಲ್ಸನ್ ರಿಡಲ್ ಆರ್ಕೆಸ್ಟ್ರಾ ಜೊತೆ ತಮ್ಮ ಅಪ್ಪ ಅಮ್ಮನ ಕಾಲದ ಹಾಡು ಹಾಡಿದರು, 1987ರಲ್ಲಿ ಮೆಕ್ಸಿಕೊದ ಹಾಡುಗಳನ್ನು ಸ್ಪ್ಯಾನಿಷ್‌ನಲ್ಲೇ ಹಾಡಿದರು. ಅವು ಯಾವ ಫ್ಯಾಷನ್? ಆಕೆಗೆ ಹಾಡು ಇಷ್ಟವಾಗುತ್ತಿತ್ತು, ಹಾಡುತ್ತಿದ್ದರು.

ಕಾಮೆಂಟಿನಲ್ಲಿ ಜಗಳಕ್ಕೆ ಬರುವವರು ಬನ್ನಿ, ಖುಷಿಯಾಗಿ ಉತ್ತರ ಕೊಡುತ್ತೇನೆ. ಆದರೆ ಒಂದು ಕೇಳಿಕೊಳ್ಳುತ್ತೇನೆ: ‘ಸಿಗ್ನಲ್ಸ್’, ‘ಟ್ರಾನ್ಸ್’, ‘ಡಿಸಿಪ್ಲಿನ್’, ಈ ಮೂರರಲ್ಲಿ ಯಾವುದನ್ನು ಬೈಯಬೇಕು ಅಂತಿದ್ದೀರೋ ಅದನ್ನು ಮೊದಲಿಂದ ಕೊನೆಯವರೆಗೆ ಒಮ್ಮೆ ಕೇಳಿ, ಆಮೇಲೆ ಬರೆಯಿರಿ.