ಚಾಮಯ್ಯ ಮೇಷ್ಟ್ರ ಬಗ್ಗೆ ನನ್ನ ತಕರಾರು
ಲೇಖನ ಚೆನ್ನಾಗಿದೆ ಸರ್, ಆದ್ರೆ ‘ನಾಗರಹಾವು’ ಸಿನಿಮಾದ ಚಾಮಯ್ಯ ಮೇಷ್ಟ್ರು ಆದರ್ಶ ಗುರು ಅಂದಿದೀರಲ್ಲ, ಅದನ್ನ ಮಾತ್ರ ಒಪ್ಪಕ್ಕಾಗಲ್ಲ. ಚಿಕ್ಕವರಿದ್ದಾಗ ಟೆಂಟಲ್ಲಿ ನೋಡ್ದಾಗ ನಮ್ಗೆ ಕಂಡಿದ್ದು ಮೇಷ್ಟ್ರ ಶಿಷ್ಯ ರಾಮಾಚಾರಿ ಸಿಟ್ಟು, ಪುಂಡ ಜಲೀಲ, ಓಬವ್ವನ ಹಾಡು ಅಷ್ಟೇ. 2018ರಲ್ಲಿ ರೀರಿಲೀಸ್ ಆದಾಗ ಮಗಳ ಜೊತೆ ಹೋಗಿದ್ದೆ, ರಾಮಾಚಾರಿ ಪ್ರೀತಿಸಿದ್ದ ಅಲಮೇಲು ವೇಶ್ಯೆಯಾಗಿ ಅವನ ಎದುರಿಗೆ ಬಂದು ನಿಂತಾಗ, ಆ ಪಾತ್ರ ಮಾಡಿದ ಆರತಿ ಮುಖ ನೋಡಿ ಮೈಯೆಲ್ಲ ಉರಿದುಹೋಯ್ತು, ಆ ಹುಡುಗೀನ ಮರೆತುಬಿಡು ಅಂತ ರಾಮಾಚಾರಿ ಬಾಯಿ ಕಟ್ಟಿಸಿದ್ದು ಯಾರು, ಇದೇ ಮೇಷ್ಟ್ರಲ್ವಾ? ಶಿಷ್ಯನ ಮೇಲೆ ಅವರ ಪ್ರೀತಿ ಸುಳ್ಳಲ್ಲ, ಮೇಷ್ಟ್ರ ಪಾತ್ರ ಮಾಡಿದ ಅಶ್ವಥ್ ಕಣ್ಣಲ್ಲೇ ಅದು ಕಾಣುತ್ತೆ. ಆದ್ರೆ ಜಾತಿಗೆ ಹೆದರಿ ಆ ಪ್ರೀತೀನೇ ಹಗ್ಗ ಮಾಡ್ಕೊಂಡು ಹುಡುಗನ್ನ ಕಟ್ಟಿಹಾಕಿದ್ರು, ಆಮೇಲೆ ಅವನು ಪ್ರೀತಿಸಿದ ಕ್ರಿಶ್ಚಿಯನ್ ಹುಡುಗಿ ಮಾರ್ಗರೆಟ್ ವಿಷಯದಲ್ಲೂ ಮತ್ತೆ ಅದೇ. ನಿರ್ದೇಶಕ ಪುಟ್ಟಣ್ಣ 1972ರಲ್ಲೇ ಇದನ್ನ ಇಷ್ಟು ನೇರವಾಗಿ ತೋರ್ಸಿದಾರೆ, ನಾವಿನ್ನೂ ಮೇಷ್ಟ್ರ ಫೋಟೋ ಹಾಕಿ ಶಿಕ್ಷಕರ ದಿನದ ಶುಭಾಶಯ ಕಳಿಸ್ತಾ ಇದೀವಿ.