ಬುಧವಾರದ ತೂಕ

ತೂಕದ ಮೆಷಿನ್ನು ಮಂಚದ ಕೆಳಗೆ ಬಂದು ಸೇರಿದ ಮೇಲೇ ಈ ತಲೆಬಿಸಿಯೆಲ್ಲ ಶುರುವಾದದ್ದು ಅಂತ ನನಗೆ ಬಲವಾದ ಅನುಮಾನ. ಮೊದಲು ಅದು ರೈಲ್ವೆ ಸ್ಟೇಷನ್ನಿನಲ್ಲಿ ಇರುತ್ತಿತ್ತು. ಬಣ್ಣಬಣ್ಣದ ಬಲ್ಬು, ಗಾಜಿನ ಹಿಂದೆ ಗಿರಗಿರ ತಿರುಗುವ ಚಕ್ರ. ಚಕ್ರ ನಿಂತ ಮೇಲೆ ನಾಣ್ಯ ಹಾಕಿದರೆ ಕಟಕ್ ಅಂತ ಒಂದು ದಪ್ಪ ಚೀಟಿ ಬೀಳುತ್ತಿತ್ತು. ಅದರಲ್ಲಿ ತೂಕದ ಜೊತೆಗೆ ಭವಿಷ್ಯವೂ ಇರುತ್ತಿತ್ತು, ಅದೃಷ್ಟವಿದ್ದರೆ ಸಿನಿಮಾ ತಾರೆಯ ಫೋಟೊ ಕೂಡ. ಎಲ್ಲರೂ ಓದುತ್ತಿದ್ದದ್ದು ಭವಿಷ್ಯವನ್ನೇ. ನೀವು ಉದಾರ ಸ್ವಭಾವದವರು, ಸದ್ಯದಲ್ಲೇ ಒಳ್ಳೆಯ ಸುದ್ದಿ ಬರಲಿದೆ, ಇಂಥದ್ದೇನಾದರೂ ಇರುತ್ತಿತ್ತು. ರೈಲು ಅರಸೀಕೆರೆ ದಾಟುವಷ್ಟರಲ್ಲಿ ಕೆಜಿ ಎಷ್ಟಿತ್ತು ಅನ್ನುವುದು ಮರೆತೇ ಹೋಗುತ್ತಿತ್ತು.

ಈಗಿನ ಗಾಜಿನ ಹಲಗೆ ಭವಿಷ್ಯ ಹೇಳುವುದಿಲ್ಲ. ಬರೀ ಅಂಕಿ. ಅದೂ ದಶಮಾಂಶ ಸಮೇತ. ಆ ಚುಕ್ಕಿಯ ಆಚೆಗಿನ ಅಂಕಿಗಾಗಿ ಜನ ಏನೆಲ್ಲ ಮಾಡುತ್ತಾರೆ ಅಂತ ನಮ್ಮ ಮನೆಯಲ್ಲೇ ನೋಡಬಹುದು. ನಮ್ಮ ಯಜಮಾನರು ಕನ್ನಡಕ ತೆಗೆದಿಟ್ಟು ಹತ್ತುತ್ತಾರೆ. ಆಮೇಲೆ ಅಂಕಿ ಕಾಣದೆ, "ಏ, ಎಷ್ಟಿದೆ ನೋಡೇ" ಅಂತ ನನ್ನನ್ನು ಕೂಗುತ್ತಾರೆ.

ರಾಜಮಹಾರಾಜರ ಕಾಲದಲ್ಲಿ ತೂಕ ನೋಡುವುದು ಒಂದು ಹಬ್ಬವಾಗಿತ್ತು. ಹಂಪಿಯ ವಿಠ್ಠಲ ದೇವಸ್ಥಾನದ ಹತ್ತಿರ ಕಲ್ಲಿನ ಎರಡು ಕಂಬ, ಮೇಲೊಂದು ತೊಲೆ ನಿಂತಿದೆಯಲ್ಲ, ರಾಜರ ತುಲಾಭಾರ. ಗ್ರಹಣ, ಸಂಕ್ರಮಣದಂಥ ದಿನ ಅಲ್ಲಿ ಅರಸರು ಚಿನ್ನ, ರತ್ನಗಳಿಗೆ ಸಮನಾಗಿ ತೂಗಿಸಿಕೊಂಡು ದಾನ ಮಾಡುತ್ತಿದ್ದರು ಅಂತ ಹೇಳುತ್ತಾರೆ. ಮೊಗಲ್ ಬಾದಶಹ ಅಕ್ಬರ್ ವರ್ಷಕ್ಕೆ ಎರಡು ಸಲ ತೂಗಿಸಿಕೊಳ್ಳುತ್ತಿದ್ದ. ಸೂರ್ಯನ ಪಂಚಾಂಗದ ಹುಟ್ಟುಹಬ್ಬಕ್ಕೊಂದು, ಚಂದ್ರನ ಪಂಚಾಂಗದ ಹುಟ್ಟುಹಬ್ಬಕ್ಕೊಂದು. ರಾಜ ದಪ್ಪ ಆದಷ್ಟೂ ದಾನ ಪಡೆಯುವವರಿಗೆ ಖುಷಿ. ಉಡುಪಿಯಲ್ಲಿ ಈಗಲೂ ತುಲಾಭಾರ ನಡೆಯುತ್ತದೆ. ಒಂದು ತಟ್ಟೆಯಲ್ಲಿ ಭಕ್ತರು, ಇನ್ನೊಂದರಲ್ಲಿ ಅಕ್ಕಿಯೋ ಬೆಲ್ಲವೋ. ತಟ್ಟೆಗಳು ಸಮನಾದವೋ ಇಲ್ಲವೋ, ಅಷ್ಟೇ ಮುಖ್ಯ. ಎಷ್ಟು ಕೆಜಿ ಅಂತ ಯಾರೂ ಮೈಕಿನಲ್ಲಿ ಕೂಗುವುದಿಲ್ಲ. ಎಷ್ಟು ಮರ್ಯಾದಸ್ಥ ಪದ್ಧತಿ, ಅಲ್ವಾ?

ದಿನದಿನವೂ ತೂಕ ನೋಡಿಕೊಳ್ಳುವ ಗೀಳಿಗೆ ಮೂಲಪುರುಷ ಬೇಕಿದ್ದರೆ ಇಟಲಿಯಲ್ಲಿ ಒಬ್ಬ ಸಿಗುತ್ತಾನೆ. ಪಡುವಾದ ವೈದ್ಯ ಸಾಂಟೋರಿಯೊ. ತಕ್ಕಡಿಗೆ ಕುರ್ಚಿ ನೇತುಹಾಕಿ, ಅದರಲ್ಲಿ ಕೂತು ಸುಮಾರು ಮೂವತ್ತು ವರ್ಷ ತನ್ನನ್ನು ತಾನೇ ತೂಗಿಕೊಂಡ. ತಿಂದದ್ದು, ಕುಡಿದದ್ದು, ಹೊರಗೆ ಹೋದದ್ದು, ಎಲ್ಲದಕ್ಕೂ ಲೆಕ್ಕ ಇಟ್ಟ. ಎಂಟು ಪೌಂಡ್ ಒಳಗೆ ಹೋದರೆ ಮೂರು ಪೌಂಡ್ ಮಾತ್ರ ಕಣ್ಣಿಗೆ ಕಾಣುವಂತೆ ಹೊರಗೆ ಬರುತ್ತಿತ್ತು. ಉಳಿದ ಐದು ಎಲ್ಲಿ ಹೋಯಿತು? ಚರ್ಮದಿಂದ, ಉಸಿರಿನಿಂದ, ನಮಗೆ ಗೊತ್ತೇ ಆಗದ ಹಾಗೆ ಹೋಗುತ್ತದೆ ಅಂತ 1614ರಲ್ಲಿ ಪುಸ್ತಕ ಬರೆದ.

ಅವನು ಹೇಳಿದ್ದು ಸುಳ್ಳಲ್ಲ. ರಾತ್ರಿ ಮಲಗಿ ಬೆಳಗ್ಗೆ ಎದ್ದರೆ, ಏನೂ ಮಾಡದೆ ಕೆಲವು ನೂರು ಗ್ರಾಂ ಕಡಿಮೆ ಆಗಿರುತ್ತದೆ. ಕೊಬ್ಬು ಕರಗುವುದು ಅಂದರೆ ಬೆವರಾಗಿ ಸುರಿಯುವುದು ಅಂದುಕೊಂಡಿರುತ್ತೇವೆ. ಆದರೆ 10 ಕೆಜಿ ಕೊಬ್ಬು ಕರಗಿದರೆ ಅದರಲ್ಲಿ 8.4 ಕೆಜಿ ಹೋಗುವುದು ಇಂಗಾಲದ ಡೈ ಆಕ್ಸೈಡ್ ಆಗಿ, ಮೂಗಿನಿಂದ! ಹಾಗಂತ ಸುಮ್ನೆ ಕೂತು ಜೋರಾಗಿ ಉಸಿರಾಡಿದರೆ ಕರಗುವುದಿಲ್ಲ. ಅಷ್ಟು ಸುಲಭವಿದ್ದಿದ್ದರೆ ನಮ್ಮ ಮನೆಯ ಗೊರಕೆಗೆ ಒಂದು ಅರ್ಥ ಇರುತ್ತಿತ್ತು.

ಏರುವ ಲೆಕ್ಕವೂ ಹೀಗೇ. ಒಂದು ಲೀಟರ್ ನೀರು ಕುಡಿದ ತಕ್ಷಣ ನಾವು ಒಂದು ಕೆಜಿ ಜಾಸ್ತಿ. ರಾತ್ರಿ ಉಪ್ಪಿನಕಾಯಿ, ಹಪ್ಪಳ ಸ್ವಲ್ಪ ಮುಂದಾಯಿತು ಅನ್ನಿ, ಆ ಉಪ್ಪು ಮೈಯಲ್ಲಿ ನೀರು ಹಿಡಿದಿಟ್ಟುಕೊಳ್ಳುತ್ತದೆ. ಅನ್ನ, ಮುದ್ದೆಯಿಂದ ಬಂದ ಸಕ್ಕರೆಯನ್ನು ಮೈ ಗ್ಲೈಕೊಜೆನ್ ಮಾಡಿ ಕೂಡಿಡುವಾಗಲೂ ಅದರ ಮೂರು ಪಟ್ಟು ನೀರನ್ನು ಜೊತೆಗೆ ಇಟ್ಟುಕೊಳ್ಳುತ್ತದೆ. ಮುಟ್ಟಿನ ದಿನಗಳ ಆಸುಪಾಸಿನಲ್ಲಿ ಹೆಂಗಸರಿಗೆ ಇನ್ನಷ್ಟು ನೀರು. ಹಾಗಾಗಿ ಒಂದೆರಡು ಕೆಜಿ ಅತ್ತಿತ್ತ ಆಗುವುದು ಮೈಯ ದಿನನಿತ್ಯದ ವ್ಯವಹಾರ. ಒಂದು ಕೆಜಿ ಕೊಬ್ಬು ಸೇರಬೇಕಾದರೆ ಖರ್ಚಾಗುವುದಕ್ಕಿಂತ ಸುಮಾರು 7,700 ಕ್ಯಾಲೊರಿ ಜಾಸ್ತಿ ತಿನ್ನಬೇಕು. ಒಂದೇ ಮದುವೆ ಊಟದಲ್ಲಿ ಅಷ್ಟು ತಿನ್ನುವುದು ಭೀಮಸೇನನಿಗೇ ಸರಿ. ಆದರೂ ಮದುವೆಯ ಮರುದಿನ ಮೆಷಿನ್ ಹತ್ತಿ ಹಣೆ ಚಚ್ಚಿಕೊಳ್ಳುವವರಿದ್ದಾರೆ.

ಗ್ರಾಂ ಲೆಕ್ಕಕ್ಕೆ ಅಳಬೇಕಾದವರು ಕುಸ್ತಿಪಟುಗಳು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ 50 ಕೆಜಿ ವಿಭಾಗದಲ್ಲಿ ಒಂದೇ ದಿನ ಮೂರು ಕುಸ್ತಿ ಗೆದ್ದು ಫೈನಲ್ ತಲುಪಿದರು. ಮೊದಲ ದಿನ ತೂಕ ಸರಿಯಾಗಿಯೇ ಇತ್ತು. ಗೆಲ್ಲುವ ನಡುವೆ ಕುಡಿದ ನೀರು, ತಿಂದ ತುತ್ತು ಅದನ್ನು ಮೇಲೇರಿಸಿತು. ರಾತ್ರಿಯೆಲ್ಲ ಬೆವರಿಳಿಸಿ, ಕೂದಲು ಕತ್ತರಿಸಿದರೂ ಬೆಳಗ್ಗೆ 100 ಗ್ರಾಂ ಉಳಿದೇ ಹೋಯಿತು. ಪದಕ ಕೈತಪ್ಪಿತು. ನಮ್ಮ ಮಂಚದ ಕೆಳಗೆ ಯಾವ ಪದಕ ಇದೆ ಅಂತ ನಾವು ಚುಕ್ಕಿಯ ಆಚೆಗಿನ ಅಂಕಿಗೆ ಒದ್ದಾಡಬೇಕು?

ದಿನಾ ನೋಡಲೇಬೇಕಾದವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಹೃದಯ ಸೋತು ಮೈಯಲ್ಲಿ ನೀರು ತುಂಬಿಕೊಳ್ಳುವವರಿಗೆ ಬೆಳಗಿನ ತೂಕ ಔಷಧಿಯಷ್ಟೇ ಮುಖ್ಯ. ದಿನಕ್ಕೆ ಒಂದು ಕೆಜಿ, ವಾರಕ್ಕೆ ಎರಡು ಕೆಜಿ ದಾಟಿ ಏರಿದರೆ ವೈದ್ಯರಿಗೆ ತಿಳಿಸಬೇಕು. ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನು ಪ್ರತಿ ಸಲವೂ ಮೊದಲು, ಆಮೇಲೆ ತೂಗುತ್ತಾರೆ. ಇನ್ನು ಬೇಡವೇ ಬೇಡದವರೂ ಇದ್ದಾರೆ. ಆ ಅಂಕಿ ನೋಡಿ ತಿಂಡಿ ತಿನ್ನಬೇಕೋ ಬೇಡವೋ ಅಂತ ತೀರ್ಮಾನಿಸುವ ಹುಡುಗಿಯ ಮನೆಯಲ್ಲಿ ಮೆಷಿನ್ನು ಅಟ್ಟಕ್ಕೆ ಹೋಗುವುದೇ ಒಳ್ಳೆಯದು. ಆ ಮಗುವಿನ ಜೊತೆ ಕೂತು ಮಾತಾಡಬೇಕು, ಬೇಕಾದರೆ ಡಾಕ್ಟರ ಹತ್ತಿರವೂ ಹೋಗಬೇಕು.

ಮೆಷಿನ್ನನ್ನಾದರೂ ಅಟ್ಟಕ್ಕೆ ಹಾಕಬಹುದು, ನೆಂಟರನ್ನು ಏನು ಮಾಡುವುದು? ನಾಮಕರಣಕ್ಕೆ ಹೋದರೆ ಬಾಗಿಲಲ್ಲೇ ತೂಗಿಬಿಡುತ್ತಾರೆ. "ಯಾಕೆ ಇಷ್ಟು ದಪ್ಪ ಆಗಿದೀಯೇ?" ಅಂತ ಒಬ್ಬರು. ಒಳಗೆ ಹೋದರೆ, "ಯಾಕೆ ಸೊರಗಿದೀಯಮ್ಮ, ಊಟ ಸೇರ್ತಿಲ್ವಾ?" ಅಂತ ಇನ್ನೊಬ್ಬರು. ಕೈಕಾಲು ತೊಳೆಯುವಷ್ಟರಲ್ಲಿ ಏರಿಳಿತ ಎರಡೂ ಮುಗಿದಿರುತ್ತದೆ. ಅವರಿಗೇ ಮಗು ಗುಂಡುಗುಂಡಾಗಿದೆ ಅಂದು ನೋಡಿ, ದೃಷ್ಟಿ ತಾಗುತ್ತೆ ಅಂತ ಕೆನ್ನೆಗೆ ಕಾಡಿಗೆ ಬೊಟ್ಟು ಇಡುತ್ತಾರೆ. ಅಂಗನವಾಡಿಯಲ್ಲಿ ಮಗುವನ್ನು ತಕ್ಕಡಿಗೆ ನೇತುಹಾಕಿ, ಅದು ಕಿರುಚಾಡುವಾಗ ಏರಿದ ಕಾಲು ಕೆಜಿಗೆ ತಾಯಿ ಎಷ್ಟು ಸಂತೋಷಪಡುತ್ತಾಳೆ! ಅದೇ ಕಾಲು ಕೆಜಿ ನಲವತ್ತು ದಾಟಿದ ಮೇಲೆ ಅಪರಾಧ.

ನನಗೆ ನಿಜವಾಗಿ ಸಿಟ್ಟು ಬರುವುದು ಇಳಿದ ತೂಕಕ್ಕೆ ಕಣ್ಣು ಮುಚ್ಚಿ ಅಭಿನಂದನೆ ಹೇಳುವವರ ಮೇಲೆ. ಊಟ ಬಿಟ್ಟಿಲ್ಲ, ನಡೆಯಲು ಹೋಗಿಲ್ಲ, ಆರು ತಿಂಗಳಲ್ಲಿ ನೂರಕ್ಕೆ ಐದರಷ್ಟು ಮೈತೂಕ ತಾನಾಗಿ ಇಳಿದಿದೆ ಅಂದರೆ ಅದು ಸಕ್ಕರೆ ಕಾಯಿಲೆ ಇರಬಹುದು, ಥೈರಾಯ್ಡ್ ಇರಬಹುದು, ಕ್ಷಯ ಇರಬಹುದು. "ಎಷ್ಟು ಸ್ಲಿಮ್ ಆಗಿದೀರಾ, ನಮಗೂ ಹೇಳಿಕೊಡಿ" ಅನ್ನುವ ಬದಲು ಒಂದು ರಕ್ತಪರೀಕ್ಷೆ ಮಾಡಿಸಿ ಅನ್ನಬಾರದೇ?

ದರ್ಜಿಯವರು ಇದನ್ನೆಲ್ಲ ಮೊದಲೇ ತಿಳಿದವರು. ಬ್ಲೌಸ್ ಹೊಲಿಯುವಾಗ ಪಕ್ಕದಲ್ಲಿ ಒಂದರ ಪಕ್ಕ ಒಂದು ಹೊಲಿಗೆ ಹಾಕಿ, ಒಳಗೆ ಬಟ್ಟೆ ಬಿಟ್ಟಿರುತ್ತಾರೆ. ಬಿಗಿಯಾದರೆ ಒಂದು ಹೊಲಿಗೆ ಬಿಚ್ಚಿಕೊಳ್ಳಿ ಅಂತ. ಗೊಣಗುವುದಿಲ್ಲ, ಕಾರಣ ಕೇಳುವುದಿಲ್ಲ. ಅವರ ಟೇಪು ಮೆಷಿನ್ನಿಗಿಂತ ಜಾಸ್ತಿ ಉಪಯೋಗದ್ದೂ ಹೌದು. ನಮ್ಮ ಕಡೆಯವರ ಕೊಬ್ಬು ಹೊಟ್ಟೆಯಲ್ಲೇ ಸೇರುವುದು ಜಾಸ್ತಿ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು ಅಂತ ಭಾರತೀಯರಿಗೆ ವೈದ್ಯರು ಹಾಕಿರುವ ಗೆರೆ.

ಇಷ್ಟೆಲ್ಲ ಚರ್ಚೆಯಾಗಿ ನಮ್ಮ ಮನೆಯಲ್ಲಿ ವಾರಕ್ಕೆ ಒಂದೇ ಸಲ ಅಂತ ಗೊತ್ತಾಯಿತು. ಬೆಳಗ್ಗೆ ಎದ್ದು, ಶೌಚಕ್ಕೆ ಹೋಗಿ ಬಂದು, ಕಾಫಿಗೆ ಮೊದಲು. ಮ್ಯಾಟಿನ ಮೇಲಲ್ಲ, ಗಟ್ಟಿ ನೆಲದ ಮೇಲೆ. ಒಂದು ವಾರದ ಅಂಕಿಗೆ ಮುಖ ಊದಿಸಿಕೊಳ್ಳುವ ಹಾಗಿಲ್ಲ, ಒಂದೆರಡು ತಿಂಗಳ ಅಂಕಿಗಳನ್ನು ಜೊತೆಗಿಟ್ಟು ನೋಡಬೇಕು. ಜಗಳ ಬಂದದ್ದು ವಾರ ಯಾವುದು ಅನ್ನುವುದಕ್ಕೆ. ಸೋಮವಾರ ಬೇಡ, ಭಾನುವಾರದ್ದು ಇನ್ನೂ ಒಳಗೇ ಇರುತ್ತೆ ಅಂದರು ಇವರು. ಶುಕ್ರವಾರ ಪಾಯಸ. ಶನಿವಾರ ಒಪ್ಪತ್ತು, ಅವತ್ತು ನೋಡಿದರೆ ಮೋಸ ಅಂದೆ ನಾನು. ಕೊನೆಗೆ ಬುಧವಾರ ನಿಂತಿತು. ಒಂದು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಶ್ರಾವಣ ಬಂತು. ಇವರು ಕ್ಯಾಲೆಂಡರ್ ತೆಗೆದು ಗೌರಿ, ಗಣೇಶ, ದಸರಾ ಅಂತ ಬೆರಳಿಟ್ಟುಕೊಂಡು ಹೋಗಿ, "ದೀಪಾವಳಿವರೆಗೂ ಒಂದೂ ಸರಿಯಾದ ಬುಧವಾರ ಇಲ್ಲ ಕಣೇ" ಅಂದರು.